ಕಳೆಯ ಮೂಲ

ಋಷಿಮೂಲ, ನದಿಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಕಳೆಯ ಮೂಲವನ್ನು ಮಾತ್ರ ಹುಡುಕಲೇಬೇಕು. ಅದು ಎಲ್ಲಿಂದ ಬಂತು, ತನ್ನ ಜೀವವನ್ನು ಯಾವ ಅಂಗದಲ್ಲಿ ಬಚ್ಚಿಟ್ಟಿದೆ ಎಂಬುದನ್ನು ಅರಿಯದೆ ಕೈಹಾಕಿದವರು ಬೆವರು ಸುರಿಸಿದರೇ ಹೊರತು ಕಳೆಯನ್ನು ಕಳೆಯಲಿಲ್ಲ. ನಮ್ಮ ದೇಶದ ಇನ್ನೂರು ವರ್ಷಗಳ ಚರಿತ್ರೆ ಇದಕ್ಕೆ ಸಾಕ್ಷಿ.

ಈ ಚರಿತ್ರೆಯ ಕಡೆಗೆ ನನ್ನನ್ನು ಎಳೆದದ್ದು ಪುದೀನ. ಭದ್ರಾವತಿಯಲ್ಲಿರುವ ನಮ್ಮ ಅಕ್ಕನ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಒಂದೆಲಗದ ಪಾತಿಯೊಂದಿತ್ತು. ಸಂತೆಯಿಂದ ತಂದ ಪುದೀನದ ನಾಲ್ಕು ಕಡ್ಡಿಗಳನ್ನು ಅದರ ಪಕ್ಕದಲ್ಲಿ ಊರಿದರು. ಎರಡು ಮಳೆಗಾಲ ಕಳೆಯುವುದರೊಳಗೆ ತಂಬುಳಿಗೆ ಹಿಡಿ ಒಂದೆಲಗ ಸಿಕ್ಕುವುದೂ ಕಷ್ಟವಾಯಿತು. ಕಿತ್ತಷ್ಟೂ ಪುದೀನ ಮತ್ತೆ ಬಂತು. ಪಾರಸಿ ಭಾಷೆಯ ಹೆಸರನ್ನು ಹೊತ್ತು ಬಂದ ಈ ಅತಿಥಿಯನ್ನು ಹೊರಗೆ ಕಳಿಸುವ ಬಗೆ ಹೇಗೆ? ಹಿಂದಿನವರು ಇಂಥ ಅತಿಥಿಗಳನ್ನು ಹೇಗೆ ಎದುರಿಸಿದರು?

ಮೊದಲು ಪಾಪಾಸುಕಳ್ಳಿಯ ಕಥೆ. ಇದು ಅಮೆರಿಕ ಖಂಡದ ಗಿಡ. ಇದರ ಮೇಲೆ ಬದುಕುವ ಕಾಚಿನೀಲ್ ಎಂಬ ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ದೊರೆಯುತ್ತಿತ್ತು. ಆ ಬಣ್ಣದ ಆಸೆಗೆ 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳುಗಳು ಬಂದವು. ಬಂದದ್ದು ಬೇರೆ ಜಾತಿಯ ಹುಳು, ಬಣ್ಣ ಕಳಪೆ. ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸತೊಡಗಿತು. 1836ರ ಅನಂತರ ಕಳ್ಳಿಯ ಕಾಟ ತಪ್ಪಿಸಲೆಂದೇ ಅದನ್ನು ದಕ್ಷಿಣಕ್ಕೆ ತಂದರು. ಪಕ್ಕದಲ್ಲಿಯೇ ಬೆಳೆದಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಆ ಹುಳು ಮೂಸಿಯೂ ನೋಡಲಿಲ್ಲ. ಅದಕ್ಕೆ ತಕ್ಕ ಹುಳು ಸಿಂಹಳದಿಂದ ಬಂದದ್ದು 1926ರಲ್ಲಿ. ಕೆಲವೇ ವರ್ಷಗಳಲ್ಲಿ ಆ ಕಳ್ಳಿಯೂ ಸೋತಿತು. ನಮ್ಮ ಕಣ್ಣಿಗೆ ಎರಡೂ ಪಾಪಾಸುಕಳ್ಳಿಯೇ; ಹುಳು ಮಾತ್ರ ಭೇದವನ್ನು ಬಲ್ಲದು.

ಲಂಟಾನದ ಮುಂದೆ ಈ ಉಪಾಯ ಸಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಗಿಡ ಅದು. ಬೇಲಿಯಾಗಿ ನಿಂತದ್ದು ಬೇಲಿ ಹಾರಿ ಕಾಡು ಸೇರಿತು. ಮರ ಕಡಿದು ಬಿಸಿಲು ನೆಲ ಮುಟ್ಟಿದಲ್ಲಿ ಲಂಟಾನ ನುಗ್ಗುತ್ತದೆ. 1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲಿಗೆ ಕಾಡಿನ ಸೌದೆಯ ಇದ್ದಿಲಿನಿಂದಲೇ ಅದಿರನ್ನು ಕರಗಿಸುತ್ತಿತ್ತೆಂಬುದನ್ನು ನೆನೆದರೆ, ಮಲೆನಾಡಿನ ನೆಲಕ್ಕೆ ಬಿಸಿಲು ಬಿದ್ದ ಬಗೆಗಳಲ್ಲಿ ಒಂದು ತಿಳಿದೀತು. ಕೀಟಶಾಸ್ತ್ರಜ್ಞ ವೈ. ರಾಮಚಂದ್ರರಾಯರು ಲಂಟಾನದ ಮೇಲಿನ ಹುಳುಗಳನ್ನು ಅರಸಿ 1920ರಲ್ಲಿ ವರದಿ ಪ್ರಕಟಿಸಿದರು. ಮರುವರ್ಷ ಹವಾಯಿ ದ್ವೀಪಗಳಿಂದ ಅದರ ಕಾಯಿ ಕೊರೆಯುವ ನೊಣ ಬಂತು. ಆದರೂ ಹಕ್ಕಿಗಳು ಹಣ್ಣು ತಿಂದು ಬೀಜ ಬಿತ್ತುತ್ತಲೇ ಇದ್ದವು; ಕಡಿದ ಬುಡ ಚಿಗುರುತ್ತಲೇ ಇತ್ತು. ಮುಂದೆ ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟ ದಾರಿ ಸರಳವಾದದ್ದು: ಚಿಗುರುವ ಶಕ್ತಿ ಇರುವುದು ಬುಡದಲ್ಲಿ; ಆದ್ದರಿಂದ ನೆಲದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ನಿಲ್ಲಿಸಬೇಕು.

ಕಾಂಗ್ರೆಸ್ ಗಿಡದ ಜೀವವಿರುವುದು ಬೀಜದಲ್ಲಿ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡವನ್ನು ಕರ್ನಾಟಕ ಸರ್ಕಾರ 1975ರಲ್ಲಿ ಪೀಡೆಯೆಂದು ಸಾರಿತು. ಗಿಡ ಗೆಜೆಟ್ಟನ್ನು ಓದುವುದಿಲ್ಲ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ಜೀರುಂಡೆ ಮಳೆಗಾಲದಲ್ಲಿ ಅದರ ಎಲೆ ಮೇಯುತ್ತದೆ. ಒಣಹವೆ ಬಂದಾಗ ಮಣ್ಣು ಸೇರಿ ಮಲಗುತ್ತದೆ. ಹೂವಾಗುವ ಮುನ್ನ, ಕೈಗೆ ಚೀಲ ತೊಟ್ಟು, ಬೇರುಸಹಿತ ಕೀಳುವ ಶ್ರಮ ನಮಗೆ ತಪ್ಪಿದ್ದಲ್ಲ.

ಇನ್ನು ಪುದೀನ. ಇದಕ್ಕೆ ಬೀಜದ ಹಂಗು ಕಡಿಮೆ. ಮಣ್ಣಿನೊಳಗೆ ಹಬ್ಬುವ ಬಿಳಿಯ ಕಾಂಡದ ಗೆಣ್ಣುಗೆಣ್ಣಿನಲ್ಲಿಯೂ ಅದರ ಪ್ರಾಣವಿದೆ. ಗುದ್ದಲಿಯಿಂದ ಕೊಚ್ಚಿದರೆ ಒಂದು ಗಿಡ ಹತ್ತಾಗುತ್ತದೆ. ಮಣ್ಣನ್ನು ನೆನೆಸಿ ಸಡಿಲಿಸಬೇಕು. ಬಿಳಿಯ ಎಳೆಗಳನ್ನು ತುಂಡಾಗದಂತೆ ಕೈಯಿಂದ ಬಿಡಿಸಬೇಕು. ಗೊಬ್ಬರದ ಗುಂಡಿಗೆ ಹಾಕದೆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಒಣಗಿಸಬೇಕು. ಹದಿನೈದು ದಿನಕ್ಕೊಮ್ಮೆ ಹೋಗಿ ಹೊಸ ಚಿಗುರನ್ನು ಕಂಡಕಂಡಲ್ಲಿ ತೆಗೆಯಬೇಕು. ಎಲೆಯಿಲ್ಲದೆ ಬೇರು ಎಷ್ಟು ದಿನ ಉಪವಾಸವಿದ್ದೀತು? ಬೇಸಗೆಯೇ ಈ ಕೆಲಸಕ್ಕೆ ತಕ್ಕ ಕಾಲ. ಮಲೆನಾಡಿನ ಮಳೆ ಹಿಡಿದ ಮೇಲೆ ಗೆಲುವು ಪುದೀನದ್ದೇ.

ಹಾಗೆಂದು ಪುದೀನ ಪಾಪಿಯಲ್ಲ. ಚಟ್ನಿಗೆ ಬೇಕೆಂದರೆ ಕುಂಡದಲ್ಲಿರಲಿ. ಕುಂಡದ ತಳದ ತೂತಿನಿಂದ ಬೇರು ನೆಲಕ್ಕಿಳಿಯದಂತೆ ಕಲ್ಲುಚಪ್ಪಡಿಯ ಮೇಲಿರಲಿ. ಲಂಟಾನವನ್ನು ಹೂವಿನ ಚೆಲುವಿಗೆ ಮನಸೋತು ತಂದವರು ಅದರ ಸ್ವಭಾವವನ್ನು ವಿಚಾರಿಸಲಿಲ್ಲ. ಅವರು ಕೇಳದ ಪ್ರಶ್ನೆಗೆ ಕಾಡು ಇಂದಿಗೂ ಉತ್ತರ ಕೊಡುತ್ತಿದೆ. ಹಿತ್ತಿಲಿನ ಮಟ್ಟಿಗಾದರೂ ಆ ಪ್ರಶ್ನೆಯನ್ನು ನಾವು ಗಿಡ ನೆಡುವ ಮೊದಲೇ ಕೇಳಬಹುದು.