ಒಂದೇ ಅಳತೆಯ ಹಾಯಿ

ಮಲ್ಪೆಯ ಕಡಲು ನೋಡಿ ಬೆಳೆದ ನನಗೆ ಗೇಟ್‌ವೇ ಎದುರಿನ ಹಾಯಿದೋಣಿಗಳೆಂದರೆ 1982ರ ನೆನಪು. ದೆಹಲಿ ಏಷ್ಯಾಡ್‌ನ ಹಾಯಿದೋಣಿ ಸ್ಪರ್ಧೆ ನಡೆದದ್ದು ಮುಂಬಯಿಯಲ್ಲಿ. ಫೈರ್‌ಬಾಲ್ ದೋಣಿಯಲ್ಲಿ ನಮ್ಮ ಫರೋಖ್ ತಾರಾಪೋರ್, ಜರೀರ್ ಕರಂಜಿಯಾ ಚಿನ್ನ ಗೆದ್ದರು. ಎಂಟರ್‌ಪ್ರೈಸ್‌ನಲ್ಲಿ ಪಾಕಿಸ್ತಾನದ ಅವಾರಿ ದಂಪತಿ.

ಆ ವರ್ಗಗಳಲ್ಲಿ ಹಾಯಿಯನ್ನು ಯಾರು ಹೊಲಿದರೂ ಸರಿ, ಅಳತೆ ಒಪ್ಪಿದರಾಯಿತು. 1996ರಲ್ಲಿ ಒಲಿಂಪಿಕ್ಸ್ ಸೇರಿದ ಲೇಸರ್ ಹಾಗಲ್ಲ. ಅದರ 7.06 ಚದರ ಮೀಟರ್ ಹಾಯಿಯನ್ನು ಪರವಾನಗಿ ಪಡೆದವರಿಂದಲೇ ಕೊಳ್ಳಬೇಕು. ಸಿರಿವಂತನಿಗೆ ಬೇರೆ ಹಾಯಿ ಇಲ್ಲ, ಗೆಲ್ಲುವುದು ಕೈಚಳಕವೇ. ಆದರೆ ಬಡ ಕ್ಲಬ್ಬಿಗೂ ಕಡಿಮೆ ಬೆಲೆಯ ಬೇರೆ ಅಂಗಡಿಯಿಲ್ಲ. 2019ರಲ್ಲಿ ತಯಾರಕರೊಡನೆ ಜಗಳವಾಗಿ ಆ ದೋಣಿಯ ಹೆಸರೇ ಐಎಲ್‌ಸಿಎ ಎಂದಾಯಿತು. ಸಮಾನತೆಯ ಕೀಲಿ ಒಬ್ಬರ ಕೈಯಲ್ಲೇ ಇದ್ದರೆ, ಅದರ ಬೆಲೆಯನ್ನೂ ಅವರೇ ಹೇಳುತ್ತಾರೆ.