ಕಣದ ಆಯ ಮತ್ತು ಇಂಗಾಲದ ಲೆಕ್ಕ

ಬಸವನ ಬಾಗೇವಾಡಿ ಸೀಮೆಯ ಹೂವಿನ ಹಿಪ್ಪರಗಿಯಂತಹ ಜೋಳದ ನಾಡಿನ ಊರುಗಳಲ್ಲಿ ಬಡಿಗ, ಕಂಬಾರ ಮೊದಲಾದ ಆಯಗಾರರು ವರ್ಷವಿಡೀ ಸಲ್ಲಿಸಿದ ಸೇವೆಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದರು. ಜಾತಿಯ ಕಟ್ಟುಪಾಡು ಈ ಪದ್ಧತಿಯ ದೋಷವಾಗಿತ್ತು. ಆದರೆ ಅಳತೆ ಮಾತ್ರ ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು. ಇಂಗಾಲ ಮಾರುಕಟ್ಟೆಯ ಚರಿತ್ರೆಯನ್ನು ಪರಿಶೀಲಿಸಲು ಇದೊಂದು ಉಪಯುಕ್ತ ಮಾನದಂಡ.

1997ರ ಕ್ಯೋಟೋ ಒಪ್ಪಂದದ ಶುದ್ಧ ಅಭಿವೃದ್ಧಿ ಕಾರ್ಯವಿಧಾನವು, ಹಿಂದುಳಿದ ದೇಶಗಳಲ್ಲಿ ತಗ್ಗಿಸಿದ ಹೊಗೆಯ ಲೆಕ್ಕವನ್ನು ಕೊಂಡು ತಮ್ಮ ಹೊಣೆ ತೀರಿಸಲು ಕೈಗಾರಿಕಾ ರಾಷ್ಟ್ರಗಳಿಗೆ ಅವಕಾಶ ನೀಡಿತು. ಇದಕ್ಕಾಗಿ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯವು 2003ರಲ್ಲಿ ರಾಷ್ಟ್ರೀಯ ಪ್ರಾಧಿಕಾರವನ್ನು ರಚಿಸಿತು. ಅದು ಹಣ ಕೊಡುವ ಸಂಸ್ಥೆಯಾಗಿರಲಿಲ್ಲ. ಯೋಜನೆಯು ದೇಶದ ಸುಸ್ಥಿರ ಅಭಿವೃದ್ಧಿಗೆ ಪೂರಕವೆಂದು ದೃಢೀಕರಿಸುವುದು ಅದರ ಕೆಲಸ. ಆ ಒಪ್ಪಿಗೆಪತ್ರವಿಲ್ಲದೆ ವಿಶ್ವಸಂಸ್ಥೆಯಲ್ಲಿ ನೋಂದಣಿ ಸಾಧ್ಯವಿರಲಿಲ್ಲ.

ಕರ್ನಾಟಕದಲ್ಲಿ ಇದರ ಗಮನಾರ್ಹ ನಿದರ್ಶನ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಬಾಗೇಪಲ್ಲಿ. 5,500 ಮನೆಗಳಿಗೆ ಗೋಬರ್ ಅನಿಲ ಸ್ಥಾವರ ಒದಗಿಸುವ ಯೋಜನೆ 2005ರಲ್ಲಿ ನೋಂದಣಿಯಾಯಿತು. ಅಲ್ಲಿ ಉಳಿದ ಸೌದೆ, ಸೀಮೆಎಣ್ಣೆಗಳು ಟನ್ನುಗಳ ಲೆಕ್ಕವಾಗಿ ಮಾರಾಟಕ್ಕೆ ಬಂದವು. ದಿನವೂ ಸೆಗಣಿ ಕದಡಿ ಸ್ಥಾವರ ನಡೆಸಿದವರ ದುಡಿಮೆಯೇ ಆ ಸರಕಿನ ಮೂಲ. ಬೆಲೆ ನಿಗದಿಯಾದದ್ದು ಮಾತ್ರ ದೂರದ ಪೇಟೆಯಲ್ಲಿ. 2012ರ ಹೊತ್ತಿಗೆ ಆ ಬೆಲೆ ತೀವ್ರವಾಗಿ ಕುಸಿಯಿತು.

ಪ್ಯಾರಿಸ್ ಒಪ್ಪಂದದ ಅನುಷ್ಠಾನಕ್ಕೆ 2022ರಲ್ಲಿ ಹೊಸ ಪ್ರಾಧಿಕಾರ ರಚನೆಯಾಗಿದೆ. 2023ರಲ್ಲಿ ದೇಶೀಯ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟವಾಗಿದೆ. ಒಪ್ಪಿಗೆ ನೀಡುವ ಸಂಸ್ಥೆಯು ಅಳತೆಯನ್ನೂ ಪಾಲನ್ನೂ ಆಯಾ ಊರಿನ ಮುಂದೆ, ಊರಿನ ಭಾಷೆಯಲ್ಲಿ ಇಡುವುದೇ ಎಂಬುದು ಇನ್ನು ಮುಂದಿನ ಪ್ರಶ್ನೆ. ಹಾಗಾಗದಿದ್ದರೆ ದುಡಿದವರಿಗೆ ಹಕ್ಕಾಗಿ ಸಲ್ಲಬೇಕಾದ ಆಯವು ಅನುಗ್ರಹವೆನಿಸಿಬಿಡುತ್ತದೆ.