ಕೈರೋಪ್ರಾಕ್ಟಿಕ್

ಔಷಧಿ, ಶಸ್ತ್ರಕ್ರಿಯೆಗಳ ಗೊಡವೆಗೆ ಹೋಗದೆ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಶಮನ ಮಾಡುವ ಚಿಕಿತ್ಸಾಪದ್ಧತಿ. ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ. ಹೆಸರು ಗ್ರೀಕ್ ಮೂಲದ್ದು, 'ಕೈಯಿಂದ ಮಾಡಿದ್ದು' ಎಂದರ್ಥ. ಕನ್ನಡದ ಕೈಗೂ ಅದಕ್ಕೂ ನಂಟಿಲ್ಲ. ಸದ್ದು ಕೂಡಿಬಂದಿದೆ, ಅಷ್ಟೆ.

ಮೂಲಪುರುಷ ಡೇನಿಯಲ್ ಡೇವಿಡ್ ಪಾಮರ್ (1845-1913). ಕೆನಡಾದಿಂದ ಅಮೆರಿಕಕ್ಕೆ ಬಂದ ಈತ ಶಾಲೆಯಲ್ಲಿ ಪಾಠ ಹೇಳಿ, ಜೇನು ಸಾಕಿ, ದಿನಸಿ ಮಾರಿ, ಕೊನೆಗೆ ಮೈಮೇಲೆ ಕೈಯಾಡಿಸಿ ರೋಗ ನೀಗುವ 'ಕಾಂತಚಿಕಿತ್ಸಕ'ನಾದ. ಪಾದರಸದ ಲವಣವನ್ನೇ ಔಷಧಿಯೆಂದು ಕೊಡುತ್ತಿದ್ದ ಶತಮಾನ ಅದು. ಬರಿಗೈ ವೈದ್ಯನ ಮನೆಬಾಗಿಲಿಗೆ ಜನ ಹೋದದ್ದರಲ್ಲಿ ಅಚ್ಚರಿಯಿಲ್ಲ.

1895ರ ಸೆಪ್ಟೆಂಬರ್ 18ರಂದು ಪಾಮರ್ ತನ್ನ ಕಟ್ಟಡದ ಜಾಡಮಾಲಿ ಹಾರ್ವಿ ಲಿಲ್ಲಾರ್ಡ್‌ನ ಬೆನ್ನನ್ನು ಒತ್ತಿದನೆಂದೂ ಹದಿನೇಳು ವರ್ಷಗಳಿಂದ ಮಂದವಾಗಿದ್ದ ಅವನ ಕಿವಿ ತೆರೆಯಿತೆಂದೂ ಪಂಥದ ಮೂಲಕಥೆ. ಪಾಮರ್ ಹೇಳುವಂತೆ, ಬೆನ್ನಿನಲ್ಲಿ ಉಬ್ಬಿ ನಿಂತಿದ್ದ ಮಣಿಯೊಂದನ್ನು ಲೆಕ್ಕ ಹಾಕಿಯೇ ಸ್ವಸ್ಥಾನಕ್ಕೆ ತಳ್ಳಿದ್ದು. ಲಿಲ್ಲಾರ್ಡ್‌ನ ಮಗಳು ಹೇಳಿದ್ದು ಬೇರೆ: ಅಪ್ಪ ಯಾರಿಗೋ ನಗೆಮಾತು ಹೇಳುತ್ತಿದ್ದಾಗ ಕೇಳಿಸಿಕೊಂಡ ಪಾಮರ್ ನಗುತ್ತ ಕೈಲಿದ್ದ ಪುಸ್ತಕದಿಂದ ಬೆನ್ನಿಗೆ ಬಾರಿಸಿದನಂತೆ. ಎರಡರಲ್ಲಿ ಯಾವುದನ್ನು ನಂಬಿದರೂ ತೊಡಕು ಉಳಿಯುತ್ತದೆ. ಕಿವಿಯ ನರ ತಲೆಬುರುಡೆಯೊಳಗಿಂದಲೇ ಮಿದುಳಿಗೆ ಸೇರುತ್ತದೆ, ಬೆನ್ನಿನ ದಾರಿ ಹಿಡಿಯುವುದಿಲ್ಲ.

ಪಾಮರ್ ಮಾತ್ರ ಇಷ್ಟರಿಂದಲೇ ಒಂದು ಸಿದ್ಧಾಂತ ಕಟ್ಟಿದ. ಮಣಿಗಳು ಕೊಂಚ ಸರಿದರೆ (ಇದಕ್ಕೆ ಅವನಿಟ್ಟ ಹೆಸರು ಸಬ್‌ಲಕ್ಸೇಷನ್) ದೇಹದ 'ಸಹಜ ಪ್ರಜ್ಞೆ'ಯ ಹರಿವು ಕೆಡುತ್ತದೆ. ನೂರಕ್ಕೆ 95 ರೋಗಗಳ ಬೇರು ಅಲ್ಲಿದೆ ಎಂದ. ಕೈಕೆಲಸವೇನೂ ಹೊಸದಲ್ಲ. ಯುರೋಪಿನ ಹಳ್ಳಿಗಳಲ್ಲಿ ಮೂಳೆ ಕೂರಿಸುವವರು ಮೊದಲೇ ಇದ್ದರು, ಪಕ್ಕದ ಮಿಸ್ಸೂರಿಯಲ್ಲಿ ಆಂಡ್ರ್ಯೂ ಸ್ಟಿಲ್ ಆಸ್ಟಿಯೋಪತಿಯನ್ನು ಸಾರಿ ಇಪ್ಪತ್ತು ವರ್ಷ ಕಳೆದಿತ್ತು. 1897ರಲ್ಲಿ ಪಾಮರ್ ಶಾಲೆ ತೆರೆದ. 1906ರಲ್ಲಿ, ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು ಜೈಲು ಸೇರಿದ. ಕೆಲವು ವಾರ ಹಟ ಹಿಡಿದು ಕುಳಿತು, ಕೊನೆಗೆ ದಂಡ ಕಟ್ಟಿ ಹೊರಬಂದ.

ಶಾಲೆ ಮಗ ಬಿ. ಜೆ. ಪಾಮರ್‌ನ ಕೈಸೇರಿತು. ಅಪ್ಪ ಕನಸಿಗನಾದರೆ ಮಗ ಪಕ್ಕಾ ವ್ಯಾಪಾರಿ. ಎಕ್ಸ್‌ರೇ ತಂದ. 1922ರಲ್ಲಿ ರೇಡಿಯೊ ಕೇಂದ್ರವನ್ನೇ ಕೊಂಡ. ಮುಂದೆ ಅಮೆರಿಕದ ಅಧ್ಯಕ್ಷನಾದ ರೊನಾಲ್ಡ್ ರೇಗನ್ ವೀಕ್ಷಕ ವಿವರಣೆಯ ವೃತ್ತಿ ಆರಂಭಿಸಿದ್ದು ಅಲ್ಲೇ. ಕಾನೂನಿನ ಮನ್ನಣೆ ಮಾತ್ರ ನಿಧಾನವಾಗಿ ಬಂತು: 1913ರಲ್ಲಿ ಕ್ಯಾನ್ಸಸ್ ರಾಜ್ಯ ಈ ವೃತ್ತಿಗೆ ಮೊದಲ ಪರವಾನಗಿ ಕಾನೂನು ಮಾಡಿತು, ಕಡೆಯದಾಗಿ ಲೂಸಿಯಾನ 1974ರಲ್ಲಿ. ನಡುವಿನ ವರ್ಷಗಳಲ್ಲಿ ಚಿಕಿತ್ಸಕರು ಸಾಲುಸಾಲಾಗಿ ಜೈಲು ಕಂಡರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1963ರಲ್ಲಿ ನಕಲಿ ವೈದ್ಯದ ವಿರುದ್ಧ ಸಮಿತಿಯೊಂದನ್ನು ನೇಮಿಸಿ ಇವರ ಹಿಂದೆ ಬಿತ್ತು. ಚಿಕಿತ್ಸಕ ಚೆಸ್ಟರ್ ವಿಲ್ಕ್ ಮತ್ತು ಸಂಗಡಿಗರು 1976ರಲ್ಲಿ ಈ ಸಂಘದ ವಿರುದ್ಧ ದಾವೆ ಹೂಡಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಸಂಘದ ಬಹಿಷ್ಕಾರ ಕಾನೂನುಬಾಹಿರ ಎಂದು ತೀರ್ಪಿತ್ತರು. ತೀರ್ಪು ವ್ಯಾಪಾರ ಪೈಪೋಟಿಯ ಕಾನೂನಿಗೆ ಸಂಬಂಧಿಸಿದ್ದು, ಚಿಕಿತ್ಸೆಯ ಗುಣಕ್ಕಲ್ಲ. ಪ್ರಚಾರ ಮಾಡುವವರು ಈ ವ್ಯತ್ಯಾಸವನ್ನು ಮರೆಯುವುದುಂಟು.

ಚಿಕಿತ್ಸೆಗೆ ಹೋದವರಿಗೆ ಮೊದಲು ಪ್ರಶ್ನೆಗಳು: ನೋವು ಎಂದಿನಿಂದ, ಕಾಲಿಗೆ ಇಳಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ. ಬಾಗಿಸಿ, ಮುಟ್ಟಿ ನೋಡಿದ ಮೇಲೆ ಮೆತ್ತೆಯ ಮೇಜಿನ ಮೇಲೆ ಬೋರಲಾಗಿಯೋ ಮಗ್ಗುಲಾಗಿಯೋ ಮಲಗಿಸುತ್ತಾರೆ. ಕೀಲನ್ನು ಅದರ ಚಲನೆಯ ಅಂಚಿಗೆ ಒಯ್ದು, ಫಕ್ಕನೆ ಒಂದು ಸಣ್ಣ ತಳ್ಳು. ಲಟಕ್ಕೆಂಬ ಸದ್ದು. ಮಣಿ ಸ್ವಸ್ಥಾನಕ್ಕೆ ಕೂತ ಸದ್ದೆಂದು ಎಷ್ಟೋ ಜನ ತಿಳಿಯುತ್ತಾರೆ. ಬೆರಳ ನೆಟಿಕೆಯ ಸದ್ದೇ ಅದು. ಕೀಲಿನ ದ್ರವದಲ್ಲಿ ಗುಳ್ಳೆ ಒಡೆದಾಗ ಬರುತ್ತದೆಯೋ ಹುಟ್ಟುವಾಗ ಬರುತ್ತದೆಯೋ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ವಾದವಿದೆ. ತಳ್ಳಿದ ಮೇಲೆ ಸ್ನಾಯುಗಳ ಬಿಗಿ ಸಡಿಲುತ್ತದೆ, ನೋವಿನ ಅರಿವು ಸ್ವಲ್ಪ ಹೊತ್ತು ತಗ್ಗುತ್ತದೆ. ಒಂದೆರಡು ದಿನ ಮೈಕೈ ನೋವು ಸಾಮಾನ್ಯ.

ಸೊಂಟನೋವಿಗೆ ಇದರಿಂದ ವ್ಯಾಯಾಮ, ಫಿಸಿಯೋಥೆರಪಿಗಳಷ್ಟೇ ಹದವಾದ ಫಲ ಸಿಗುತ್ತದೆ. ಅಮೆರಿಕದ ವೈದ್ಯರ ಕಾಲೇಜಿನ 2017ರ ಮಾರ್ಗಸೂಚಿ ಇದನ್ನು ಔಷಧಿಯಿಲ್ಲದ ದಾರಿಗಳಲ್ಲಿ ಒಂದಾಗಿ ಸೇರಿಸಿದರೆ, ಬ್ರಿಟನ್ನಿನ 2016ರ ಮಾರ್ಗಸೂಚಿ ವ್ಯಾಯಾಮದ ಜೊತೆಗಾದರೆ ಮಾತ್ರ ಎನ್ನುತ್ತದೆ. ಉಬ್ಬಸ, ಹಸುಗೂಸಿನ ಹೊಟ್ಟೆನೋವು ವಾಸಿಯಾಗುತ್ತವೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಹೀಗೆಂದು ಬರೆದ ವಿಜ್ಞಾನ ಲೇಖಕ ಸೈಮನ್ ಸಿಂಗ್ ಮೇಲೆ ಬ್ರಿಟಿಷ್ ಕೈರೋಪ್ರಾಕ್ಟಿಕ್ ಸಂಘ ಮಾನನಷ್ಟ ಮೊಕದ್ದಮೆ ಹೂಡಿ 2010ರಲ್ಲಿ ತಾನೇ ಹಿಂತೆಗೆದುಕೊಂಡಿತು. ಕುತ್ತಿಗೆ ತಿರುಗಿಸುವಾಗ, ಅಪರೂಪವಾಗಿಯಾದರೂ, ಮಿದುಳಿಗೆ ರಕ್ತ ಒಯ್ಯುವ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಮೂಳೆ ಟೊಳ್ಳಾದವರು, ಬೆನ್ನಿನಲ್ಲಿ ಗಡ್ಡೆಯೋ ಸೋಂಕೋ ಇರುವವರು ಮೇಜು ಹತ್ತಬಾರದು. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೇ ಹೋಗಬೇಕು.

ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲ. ಆಯುಷ್ ಪಟ್ಟಿಯಲ್ಲೂ ಇದರ ಹೆಸರಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಕೈರೋಪ್ರಾಕ್ಟಿಕ್ ಎಂಬ ಬೋರ್ಡು ಕಂಡವರು, ಒಳಗಿರುವವರು ಕಲಿತದ್ದೆಲ್ಲಿ, ಎಷ್ಟು ವರ್ಷ ಎಂದು ತಾವೇ ಕೇಳಿಕೊಳ್ಳಬೇಕು. ಕ್ಷೌರದಂಗಡಿಯಲ್ಲಿ ತಲೆಗೆ ಎಣ್ಣೆ ತಟ್ಟಿ ಕೊನೆಗೆ ಕುತ್ತಿಗೆಯ ನೆಟಿಕೆ ತೆಗೆಯುವ ರೂಢಿಗೂ ಇದಕ್ಕೂ ಚರಿತ್ರೆಯ ಸಂಬಂಧವಿಲ್ಲ, ಆದರೆ ಧಮನಿಯ ಅಪಾಯ ಅಲ್ಲಿಯೂ ಇದ್ದೇ ಇದೆ.